ಮೊದಲು ಸೊನ್ನೆ ತಿರುಗಿಸಿ: ಹಳೇ ಡಯಲ್ ಫೋನ್ ಕೊಳ್ಳುವುದು, ರಿಪೇರಿ ಮಾಡುವುದು

ಗುಜರಿ ಅಂಗಡಿಯಲ್ಲೋ ಸಂತೆಯಲ್ಲೋ ಹಳೇ ಡಯಲ್ ಫೋನ್ ಕಣ್ಣಿಗೆ ಬಿದ್ದರೆ ಕೈ ಮೊದಲು ಹೋಗುವುದು ಧೂಳು ಒರೆಸುವುದಕ್ಕೆ. ಅದು ಆಮೇಲೆ. ಮೊದಲು ಬೆರಳನ್ನು ಸೊನ್ನೆಯ ತೂತಿಗೆ ಹಾಕಿ, ಪೂರ್ತಿ ತಿರುಗಿಸಿ, ಬಿಟ್ಟುಬಿಡಿ. ಡಯಲ್ ತಾನಾಗಿ ವಾಪಸ್ ಬರಬೇಕು. ಸರ್ರ್ ಎಂದು ಒಂದೇ ಸಮನೆ ಸದ್ದು ಮಾಡುತ್ತಾ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಬಂದು ನಿಲ್ಲಬೇಕು. ನಡುವೆ ಮುಗ್ಗರಿಸಿದರೆ, ಎಳೆದೆಳೆದು ಬಂದರೆ, ಅರ್ಧಕ್ಕೇ ನಿಂತರೆ ಒಳಗೆ ಕೆಲಸ ಇದೆ ಎಂದು ಅರ್ಥ. ತಿರುಗುವುದೇ ಇಲ್ಲ ಅಂದರೆ ಬೆಲೆ ಅರ್ಧಕ್ಕೆ ಕೇಳಿ, ಇಲ್ಲವೇ ಬಿಡಿಭಾಗಕ್ಕೆಂದು ಮಾತ್ರ ಕೊಳ್ಳಿ.

ಈ ಹವ್ಯಾಸದಲ್ಲಿ ನನ್ನ ನಿಯಮ ಒಂದೇ. ಮೊದಲು ಫೋನ್ ಕೆಲಸ ಮಾಡಲಿ, ಹೊಳಪು ಆಮೇಲೆ. ಫಳಫಳ ಹೊಳೆಯುವ, ಒಳಗೆ ಏನೂ ಇಲ್ಲದ ಫೋನು ಶೋಕೇಸಿಗೆ ಸರಿ ಹೋಗಬಹುದು. ಗೀರು ಬಿದ್ದಿದ್ದರೂ ಟ್ರಿಣ್ ಟ್ರಿಣ್ ಎನ್ನುವ ಫೋನಿನ ಮುಂದೆ ಅದು ಏನೂ ಅಲ್ಲ.

ಯಾವುದನ್ನು ಹುಡುಕಬೇಕು

ನಮ್ಮ ಕಡೆ ಜಾಸ್ತಿ ಸಿಗುವುದು ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯ ಫೋನುಗಳು. ಬೆಂಗಳೂರಿನ ಕೆ.ಆರ್. ಪುರದ ಹತ್ತಿರ ದೂರವಾಣಿನಗರ ಇದೆಯಲ್ಲ, ಆ ಹೆಸರು ಬಂದಿದ್ದೇ ಈ ಕಾರ್ಖಾನೆಯಿಂದ. 1948ರಲ್ಲಿ ಅದು ಶುರುವಾದಾಗ ಇಂಗ್ಲೆಂಡಿನ ಲಿವರ್‌ಪೂಲ್‌ನ ಆಟೊಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿ ಜೊತೆ ಒಪ್ಪಂದ ಆಗಿತ್ತು. ಹಾಗಾಗಿ ನಮ್ಮ ಹಳೇ ಕಪ್ಪು ಫೋನುಗಳಿಗೆ ಬ್ರಿಟಿಷ್ ಫೋನುಗಳ ಹೋಲಿಕೆ ಇದೆ. ಬೆಲೆ, ಬಿಡಿಭಾಗ ಎರಡೂ ಕೈಗೆಟುಕುವುದರಿಂದ ಹೊಸದಾಗಿ ಶುರು ಮಾಡುವವರಿಗೆ ಐಟಿಐ ಫೋನೇ ಒಳ್ಳೆಯದು.

ತಳದ ತಗಡನ್ನು ತಿರುಗಿಸಿ ನೋಡಿ. ಪಿ ಅಂಡ್ ಟಿ ಎಂದು ಗುರುತಿದ್ದರೆ ಅದು ಅಂಚೆ ಮತ್ತು ತಂತಿ ಇಲಾಖೆಯ ಕಾಲದ್ದು. ಆ ಇಲಾಖೆ 1985ರಲ್ಲಿ ಎರಡಾಯಿತು. ಅಲ್ಲಿಗೆ ಫೋನಿನ ವಯಸ್ಸು ಸುಮಾರಾಗಿ ಸಿಕ್ಕಿತು. ಡಯಲ್ ನಡುವೆ ನಂಬರ್ ಬರೆದ ಕಾರ್ಡ್ ಉಳಿದಿದ್ದರೆ ಅದೂ ಒಂದು ಸುಳಿವು. ಬೆಂಗಳೂರಿನ ನಂಬರುಗಳ ಮುಂದೆ 2 ಸೇರಿಕೊಂಡಿದ್ದು ನೆನಪಿದೆಯಲ್ಲ? ಅದಕ್ಕೂ ಹಿಂದಿನ ಆರಂಕಿ, ಏಳಂಕಿ ನಂಬರುಗಳು ಇಂಥ ಕಾರ್ಡುಗಳ ಮೇಲೆ ಇನ್ನೂ ಸಿಗುತ್ತವೆ. ಆ ಕಾರ್ಡನ್ನು ಕಿತ್ತು ಹೊಸದು ಹಾಕಬೇಡಿ.

ಪಕ್ಕದಲ್ಲಿ ತಿರುಗಿಸುವ ಹಿಡಿ ಇದ್ದು ಡಯಲ್ಲೇ ಇಲ್ಲದಿದ್ದರೆ ಅದು ಬೇರೆ ಜಾತಿ, ಆಪರೇಟರನ್ನು ಕರೆಯುವ ಮ್ಯಾಗ್ನೆಟೊ ಫೋನು. ನೋಡುವುದಕ್ಕೆ ಚೆನ್ನ, ಆದರೆ ಇವತ್ತಿನ ಲೈನಿಗೆ ಹಾಕಿ ನಂಬರ್ ತಿರುಗಿಸಲು ಆಗುವುದಿಲ್ಲ. ಅದರ ತಂತಿ ಹಿಡಿದುಕೊಂಡು ಹಿಡಿ ತಿರುಗಿಸಬೇಡಿ, ಚೆನ್ನಾಗಿಯೇ ಶಾಕ್ ಹೊಡೆಯುತ್ತದೆ.

ಇನ್ನು ಹಿತ್ತಾಳೆ ಮತ್ತು ಮರದ 'ಆಂಟಿಕ್' ಫೋನುಗಳು. ಮಾರುವವರು ಬ್ರಿಟಿಷರ ಕಾಲದ್ದು ಅನ್ನುತ್ತಾರೆ. ಬಹುಪಾಲು ಇತ್ತೀಚೆಗೆ ಅಲಂಕಾರಕ್ಕೆಂದೇ ಮಾಡಿದವು. ಪತ್ತೆ ಮಾಡುವುದು ಸುಲಭ. ಡಯಲ್ಲಿನ ತೂತುಗಳ ಒಳಗೆ ಒತ್ತುವ ಬಟನ್ ಇದ್ದರೆ ಅಲ್ಲಿಗೆ ಕಥೆ ಮುಗಿಯಿತು. ತಳ ಬಿಚ್ಚಿದಾಗ ಬೆರಳಗಲದ ಒಂದು ಹಸಿರು ಸರ್ಕ್ಯೂಟ್ ಬೋರ್ಡ್, ಸುತ್ತ ಬರೀ ಗಾಳಿ ಇದ್ದರೂ ಅಷ್ಟೇ. ಅಸಲಿ ಫೋನಿನ ಒಳಗೆ ಎರಡು ಗಂಟೆ ಬಟ್ಟಲು, ತಾಮ್ರದ ಕಾಯಿಲ್, ಡಬ್ಬಿಯಂಥ ಕೆಪಾಸಿಟರ್ ಎಲ್ಲ ಒತ್ತೊತ್ತಾಗಿ ತುಂಬಿರುತ್ತವೆ. ಎತ್ತಿದರೇ ತೂಕ ಗೊತ್ತಾಗುತ್ತದೆ.

ಹುಡುಕುವ ಜಾಗ ಹೇಳಬೇಕೆಂದರೆ, ಬೆಂಗಳೂರಿನಲ್ಲಿ ಚಿಕ್ಕಪೇಟೆ ಸುತ್ತಮುತ್ತಲ ಸಂಡೇ ಬಜಾರ್, ಶಿವಾಜಿನಗರದ ಗುಜರಿ ಅಂಗಡಿಗಳು. ಮುಂಬೈಗೆ ಹೋದರೆ ಮಟನ್ ಸ್ಟ್ರೀಟಿನ ಚೋರ್ ಬಜಾರ್. ಆದರೆ ಹಳೇ ಕಚೇರಿ, ರೈಸ್ ಮಿಲ್, ಲಾಡ್ಜ್ ಖಾಲಿ ಮಾಡುವಾಗ ಸಿಗುವ ಮಾಲೇ ಬೇರೆ. ನಿಮ್ಮೂರಿನ ಗುಜರಿಯವರಿಗೆ ಒಂದು ಮಾತು ಹೇಳಿ ಇಟ್ಟಿರಿ. ಅವರು ಫೋನನ್ನು ಒಡೆದು ಒಳಗಿನ ತಾಮ್ರ ತೆಗೆಯುವ ಮೊದಲು ನಿಮಗೆ ಸುದ್ದಿ ಬರಬೇಕು.

ಅಂಗಡಿಯಲ್ಲಿ ನಿಂತು ನೋಡಬೇಕಾದ್ದು

ಸೊನ್ನೆ ತಿರುಗಿಸಿದ ಮೇಲೆ ಫೋನನ್ನು ಮೆಲ್ಲಗೆ ಅಲ್ಲಾಡಿಸಿ. ಗಂಟೆ ಕಿಣಿ ಅನ್ನಬೇಕು. ಅನ್ನಲಿಲ್ಲವೆಂದರೆ ಬಟ್ಟಲುಗಳನ್ನು ಯಾರೋ ಬಿಚ್ಚಿಕೊಂಡಿದ್ದಾರೆ. ರಿಸೀವರ್ ಇಡುವ ಕೊಂಬುಗಳ ಬುಡದಲ್ಲಿ ಬಿರುಕು ಇದೆಯಾ ನೋಡಿ, ಬೇಕಲೈಟ್ (ಹಳೇ ಕಾಲದ ಗಡಸು ಪ್ಲಾಸ್ಟಿಕ್) ಮೊದಲು ಒಡೆಯುವುದು ಅಲ್ಲೇ. ಬಿರುಕು ಕಾಣದಿರಲಿ, ಮೈ ಹೊಳೆಯಲಿ ಎಂದು ಎಣ್ಣೆ ಸವರಿರುವುದೂ ಉಂಟು. ಜೇಬಿನ ಕರ್ಚೀಫಿನಿಂದ ಒಮ್ಮೆ ಉಜ್ಜಿದರೆ ಬಣ್ಣ ಬಯಲಾಗುತ್ತದೆ.

ಡಯಲ್ ತೂತಿಗೆ ಪುಟ್ಟ ಬೀಗ ಸಿಕ್ಕಿಸಿದ ಫೋನುಗಳು ಈಗಲೂ ಬರುತ್ತವೆ. ಎಸ್‌ಟಿಡಿ ಬಿಲ್ಲಿಗೆ ಹೆದರಿ ಮನೆ ಯಜಮಾನರು ಹಾಕಿದ್ದು, ಕೀಲಿ ಎಲ್ಲೋ ಹೋಗಿರುತ್ತದೆ. ಬೀಗವನ್ನು ಸುತ್ತಿಗೆಯಿಂದ ಹೊಡೆಯಬೇಡಿ, ಬೆರಳಿನ ತಟ್ಟೆ ಸೀಳುತ್ತದೆ. ಆ ತಟ್ಟೆಯನ್ನು ಬಿಚ್ಚಿ ಕೀಲಿ ಮಾಡುವವರ ಹತ್ತಿರ ತೆಗೆದುಕೊಂಡು ಹೋಗಿ. (ಅಂದಹಾಗೆ, ಆ ಬೀಗದಿಂದ ಅಷ್ಟೇನೂ ಉಪಯೋಗ ಇರಲಿಲ್ಲ. ರಿಸೀವರ್ ಇಡುವ ಗುಂಡಿಯನ್ನೇ ಲಯವಾಗಿ ಟಕಟಕ ಒತ್ತಿ ನಂಬರ್ ಹಚ್ಚುವ ಹುಡುಗರು ಬೇಕಾದಷ್ಟು ಜನ ಇದ್ದರು. ಡಯಲ್ ಮಾಡುವುದೂ ಅದೇ ಕೆಲಸ, ಲೈನನ್ನು ಕಡಿಯುವುದು, ಕೂಡಿಸುವುದು.)

ಬಿಚ್ಚುವ ಮುನ್ನ

ಲೈನಿಗೆ ಸಿಕ್ಕಿಸಿದ ಫೋನನ್ನು ಬಿಚ್ಚಬೇಡಿ. ಸುಮ್ಮನಿರುವಾಗ ಲೈನಿನಲ್ಲಿ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ, ಅದರಿಂದ ದೊಡ್ಡ ತೊಂದರೆ ಇಲ್ಲ. ಆದರೆ ಕರೆ ಬಂದಾಗ ಗಂಟೆ ಬಾರಿಸುವುದಕ್ಕೆ 75 ವೋಲ್ಟ್ ಆಸುಪಾಸಿನ ಎಸಿ ಬರುತ್ತದೆ. ಆಗ ಕೈ ಒಳಗಿದ್ದರೆ ಜುಮ್ ಎನ್ನುತ್ತದೆ. ಇನ್ನೊಂದು ಮಾತು: ಗಂಟೆ ಬಾರಿಸುತ್ತಾ ನೋಡೋಣ ಎಂದು ಯಾವ ಕಾರಣಕ್ಕೂ ಮನೆ ಕರೆಂಟಿಗೆ ಜೋಡಿಸಬೇಡಿ. 230 ವೋಲ್ಟಿಗೆ ಕಾಯಿಲ್ ಸುಡುತ್ತದೆ, ಜೊತೆಗೆ ನಿಮ್ಮ ಜೀವಕ್ಕೂ ಅಪಾಯ.

ಬೇಕಾಗುವ ಸಾಮಾನು ಕಡಿಮೆ. ಒಂದು ಸಾದಾ ಮಲ್ಟಿಮೀಟರ್, ಬಾಯಿ ಸವೆಯದ ಚಪ್ಪಟೆ ಸ್ಕ್ರೂ ಡ್ರೈವರುಗಳು, ಹಳೇ ಟೂತ್ ಬ್ರಷ್, ಐಸೊಪ್ರೊಪೈಲ್ ಆಲ್ಕೋಹಾಲ್, ಗಡಿಯಾರದ ಎಣ್ಣೆ. ಬೆಂಗಳೂರಿನವರಿಗೆ ಎಸ್‌ಪಿ ರೋಡ್‌ನಲ್ಲಿ ಮೀಟರ್, ಆಲ್ಕೋಹಾಲ್ ಎರಡೂ ಸಿಗುತ್ತವೆ. ಎಣ್ಣೆಯನ್ನು ವಾಚ್ ರಿಪೇರಿಯವರನ್ನು ಕೇಳಿ. ಹಳೇ ಫೋನುಗಳ ಸ್ಕ್ರೂಗಳು ಬ್ರಿಟಿಷ್ ಅಳತೆಯವು. ಒಂದು ಕಳೆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಅದಕ್ಕೆ ಜೋಡಿ ಸಿಗುವುದಿಲ್ಲ. ಹಾಗಾಗಿ ಒಂದು ತಟ್ಟೆ ಇಟ್ಟುಕೊಂಡು ಬಿಚ್ಚಿ.

ಪ್ರತಿ ತಂತಿ ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬಣ್ಣವನ್ನು ನಂಬಿಕೊಂಡರೆ ಕೆಟ್ಟಿರಿ. ಐವತ್ತು ವರ್ಷದಲ್ಲಿ ಕೆಂಪು, ಹಸಿರು, ಬಿಳಿ ಎಲ್ಲ ಒಂದೇ ಕಂದು ಆಗಿರುತ್ತವೆ.

ಈಗ ಮೀಟರನ್ನು ಓಮ್ಸ್‌ಗೆ ಇಟ್ಟು, ಲೈನಿನ ಎರಡು ತಂತಿಗಳಿಗೆ ಹಿಡಿಯಿರಿ. ರಿಸೀವರ್ ಇಟ್ಟಿದ್ದಾಗ ಏನೂ ತೋರಿಸಬಾರದು. ಎತ್ತಿದಾಗ ಕೆಲವು ನೂರು ಓಮ್ಸ್ ತೋರಿಸಬೇಕು. ಎತ್ತಿಕೊಂಡೇ ಡಯಲ್ ತಿರುಗಿಸಿದರೆ ಸೊನ್ನೆಯ ಹತ್ತಿರ ಇಳಿಯಬೇಕು, ಬಿಟ್ಟಾಗ ಮುಳ್ಳು ಕುಣಿಯುತ್ತಾ ವಾಪಸ್ ಬರಬೇಕು. ಇದಕ್ಕೆ ಮುಳ್ಳಿನ ಮೀಟರೇ ವಾಸಿ, ಡಿಜಿಟಲ್ ಮೀಟರಿಗೆ ಆ ವೇಗ ಹಿಡಿಯುವುದು ಕಷ್ಟ. ಇಷ್ಟೂ ಸರಿ ಬಂತೆಂದರೆ ನಿಮ್ಮ ಕೈಯಲ್ಲಿರುವುದು ಮುಕ್ಕಾಲು ಪಾಲು ಬದುಕಿರುವ ಫೋನು. ಹೊರಗೆ ಮೂರು ತಂತಿ ಬಂದಿದ್ದರೆ ಈ ರೀತಿ ನಡೆದುಕೊಳ್ಳುವ ಜೋಡಿ ಯಾವುದು ಎಂದು ಹುಡುಕಿ, ಲೈನ್ ಅದೇ.

ಡಯಲ್

ಇಲ್ಲಿ ಅವಸರ ಬೇಡ. ಡಯಲ್ ಮಾಡುವ ಕೆಲಸ ಇಷ್ಟೇ: ತಿರುಗಿಸುವಾಗ ಸ್ಪ್ರಿಂಗ್ ಬಿಗಿಯಾಗುತ್ತದೆ, ಬಿಟ್ಟಾಗ ವಾಪಸ್ ಬರುತ್ತಾ ಲೈನನ್ನು ಎಣಿಸಿ ಎಣಿಸಿ ಕಡಿಯುತ್ತದೆ. 1 ತಿರುಗಿಸಿದರೆ ಒಂದು ಸಲ, 5ಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ವೇಗ ಸೆಕೆಂಡಿಗೆ 10. ಎಕ್ಸ್‌ಚೇಂಜು ಈ ಕಡಿತಗಳನ್ನು ಎಣಿಸಿಕೊಂಡು ನಂಬರ್ ತಿಳಿಯುತ್ತದೆ. ಅಮೆರಿಕದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ ಆಟೊಮ್ಯಾಟಿಕ್ ಎಕ್ಸ್‌ಚೇಂಜಿನಿಂದ ಬೆಳೆದು ಬಂದ ವ್ಯವಸ್ಥೆ ಇದು. ಅವನ ಕಸುಬು ಹೆಣ ಸಾಗಿಸಿ ಅಂತ್ಯಕ್ರಿಯೆ ಮಾಡಿಸುವುದು, ಟೆಲಿಫೋನಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ!

ವಾಪಸ್ ಬರುವ ವೇಗವನ್ನು ಹಿಡಿತದಲ್ಲಿಡುವುದು ಗವರ್ನರ್. ಡಯಲ್ಲಿನ ಹಿಂಬದಿ ನೋಡಿ. ತೆಳ್ಳಗಿನ ಒಂದು ಕಡ್ಡಿ, ಅದರ ಮೇಲೆ ಸುರುಳಿ ಹಲ್ಲು, ತುದಿಯಲ್ಲಿ ಎರಡು ಪುಟಾಣಿ ತೂಕಗಳು, ಸುತ್ತ ಬೆರಳ ತುದಿಯಷ್ಟು ಅಗಲದ ಬಟ್ಟಲು. ಕಡ್ಡಿ ಜೋರಾಗಿ ತಿರುಗಿದಂತೆ ತೂಕಗಳು ಹೊರಕ್ಕೆ ಚಾಚಿ ಬಟ್ಟಲಿನ ಒಳಮೈಗೆ ಉಜ್ಜುತ್ತವೆ, ವೇಗ ಇಳಿಯುತ್ತದೆ. ಮೊದಲು ಕೇಳಿದ ಸರ್ರ್ ಸದ್ದು ಇದರದ್ದೇ.

ಡಯಲ್ ನಿಧಾನವಾಗುವುದಕ್ಕೆ ಮುಖ್ಯ ಕಾರಣ ಹಳೇ ಎಣ್ಣೆ. ಧೂಳಿನ ಜೊತೆ ಸೇರಿ ಜಿಡ್ಡುಗಟ್ಟಿರುತ್ತದೆ. ಎಷ್ಟೋ ಜನ ಈ ಹಂತದಲ್ಲಿ ತುಕ್ಕು ಬಿಡಿಸುವ ಸ್ಪ್ರೇ ತಂದು ಹೊಡೆಯುತ್ತಾರೆ. ಎರಡು ದಿನ ಡಯಲ್ ಚೆನ್ನಾಗಿ ತಿರುಗುತ್ತದೆ, ಆಮೇಲೆ ಮೊದಲಿಗಿಂತ ಹೆಚ್ಚು ಅಂಟುತ್ತದೆ. ಸರಿಯಾದ ದಾರಿ ಬೇರೆ. ಟೂತ್ ಬ್ರಷ್ಷನ್ನು ಆಲ್ಕೋಹಾಲಿನಲ್ಲಿ ಅದ್ದಿ ಹಲ್ಲುಚಕ್ರ, ಸುರುಳಿ ಹಲ್ಲು, ಕಡ್ಡಿಯ ಎರಡೂ ತುದಿ ತೊಳೆಯಿರಿ. ಒಣಗಲು ಬಿಡಿ. ಆಮೇಲೆ ಸೂಜಿ ಮೊನೆಯಲ್ಲಿ ಗಡಿಯಾರದ ಎಣ್ಣೆ ತೆಗೆದುಕೊಂಡು ಕಡ್ಡಿಯ ತುದಿಗಳಿಗೆ, ಸುರುಳಿ ಹಲ್ಲಿಗೆ ಒಂದೊಂದು ಹನಿ ಮುಟ್ಟಿಸಿ. ಗವರ್ನರ್ ಬಟ್ಟಲಿನ ಒಳಗೆ ಮಾತ್ರ ಎಣ್ಣೆ ತಾಗಲೇಬಾರದು. ಅಲ್ಲಿ ಉಜ್ಜಾಟ ಇದ್ದರೇ ಹಿಡಿತ, ಎಣ್ಣೆ ಬಿದ್ದರೆ ಡಯಲ್ ಓಟ ಕೀಳುತ್ತದೆ.

ವೇಗ ಅಳೆಯುವುದಕ್ಕೆ ಮೊಬೈಲ್ ಸಾಕು. ಡಯಲ್ ಪಕ್ಕದಲ್ಲಿ ರೆಕಾರ್ಡರ್ ಇಟ್ಟು ಸೊನ್ನೆ ತಿರುಗಿಸಿ ಬಿಡಿ. ಆಡಿಯೊ ತೋರಿಸುವ ಯಾವುದಾದರೂ ಆ್ಯಪಿನಲ್ಲಿ ತೆರೆದರೆ ಟಿಕ್ ಟಿಕ್ ಸದ್ದುಗಳು ಸಾಲಾಗಿ ಕಾಣುತ್ತವೆ. ಮೊದಲ ಕಡಿತದಿಂದ ಹತ್ತನೆಯದಕ್ಕೆ ಸುಮಾರು 0.9 ಸೆಕೆಂಡ್ ಇರಬೇಕು. ಸೆಕೆಂಡಿಗೆ 9ರಿಂದ 11ರ ಒಳಗೆ ಬಂದರೆ ಮುಟ್ಟಬೇಡಿ, ಸಾಕು. ತೊಳೆದ ಮೇಲೂ ಆಚೀಚೆ ಇದ್ದರೆ ಗವರ್ನರ್ ತೂಕಗಳ ತೋಳನ್ನು ಕೂದಲೆಳೆಯಷ್ಟು ಬಗ್ಗಿಸಬಹುದು. ಹೊರಕ್ಕೆ ಬಗ್ಗಿಸಿದರೆ ನಿಧಾನ, ಒಳಕ್ಕೆ ಬಗ್ಗಿಸಿದರೆ ಜೋರು. ಎರಡೂ ಕಡೆ ಒಂದೇ ಸಮ ಇರಲಿ. ದೊಡ್ಡ ಸ್ಪ್ರಿಂಗಿನ ತಂಟೆಗೆ ಹೋಗಬೇಡಿ. ಬೆರಳಿನ ತಟ್ಟೆಯ ನಡುವಿನ ಸ್ಕ್ರೂ ಬಿಚ್ಚುವಾಗ ಒಳಗೆ ಏನೋ ತಾನಾಗಿ ತಿರುಗಲು ಶುರುವಾದರೆ ಅಲ್ಲೇ ಹಿಡಿದುಕೊಳ್ಳಿ. ಸ್ಪ್ರಿಂಗ್ ಬಿಚ್ಚಿಕೊಂಡರೆ ಮತ್ತೆ ಎಷ್ಟು ಸುತ್ತು ಹಾಕಬೇಕು ಎಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಕೊನೆಗೆ ಸಂಪರ್ಕ ಬಿಂದುಗಳು. ಡಯಲ್ಲಿನ ಹಿಂದೆ, ರಿಸೀವರ್ ಗುಂಡಿಗಳ ಕೆಳಗೆ ಪಟ್ಟಿಪಟ್ಟಿ ಸ್ಪ್ರಿಂಗುಗಳ ತುದಿಯಲ್ಲಿ ಇರುತ್ತವೆ. ಉಪ್ಪು ಕಾಗದ ಹಾಕಿ ಉಜ್ಜಿದರೆ ಮೇಲಿನ ಪದರ ಹೋಗಿಬಿಡುತ್ತದೆ. ವಿಸಿಟಿಂಗ್ ಕಾರ್ಡಿನ ಒಂದು ಪಟ್ಟಿ ಕತ್ತರಿಸಿ, ಆಲ್ಕೋಹಾಲಿನಲ್ಲಿ ನೆನೆಸಿ, ಎರಡು ಬಿಂದುಗಳ ನಡುವೆ ಇಟ್ಟು ಮೆಲ್ಲಗೆ ಎಳೆಯಿರಿ. ಕಾರ್ಡಿನ ಮೇಲೆ ಕಪ್ಪು ಗೆರೆ ಬೀಳುತ್ತದೆ. ಗೆರೆ ಬೀಳುವುದು ನಿಂತಾಗ ಕೆಲಸ ಆಯಿತು.

ಗಂಟೆ

ಗಂಟೆ ಬಾರಿಸದಿದ್ದರೆ ಅನುಮಾನ ಪಡಬೇಕಾದ್ದು ಮೂರು. ಕಾಯಿಲ್ ತುಂಡಾಗಿದೆಯಾ ಮೀಟರಿನಲ್ಲಿ ನೋಡಿ, ಹಳೇ ಫೋನುಗಳಲ್ಲಿ ಸಾವಿರ ಓಮ್ಸ್ ಅಥವಾ ಅದಕ್ಕೂ ಮೇಲೆ ತೋರಿಸುತ್ತದೆ. ಅದು ಸರಿ ಇದ್ದರೆ ಕೆಪಾಸಿಟರ್. ಸುಮಾರು 2 ಮೈಕ್ರೊಫ್ಯಾರಡ್‌ನದು ಇರುತ್ತದೆ. ಕೆಟ್ಟಿದ್ದರೆ 250 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿ, ಹಳೇ ಡಬ್ಬಿಯನ್ನು ನೋಟಕ್ಕೆ ಅಲ್ಲೇ ಬಿಡಿ. ಮೂರನೆಯದು ಬರೀ ದೂರ. ಸುತ್ತಿಗೆ ಬಟ್ಟಲನ್ನು ಮುಟ್ಟುತ್ತಿಲ್ಲ, ಅಥವಾ ಅಂಟಿಕೊಂಡು ನಿಂತಿದೆ. ಬಟ್ಟಲಿನ ಸ್ಕ್ರೂ ಸಡಿಲಿಸಿ ಬಟ್ಟಲನ್ನು ಸ್ವಲ್ಪ ತಿರುಗಿಸಿ. ಕೆಲವು ಫೋನುಗಳಲ್ಲಿ ಅದರ ತೂತು ಸರಿಯಾಗಿ ನಡುವೆ ಇರುವುದಿಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ. ತಿರುಗಿಸಿದಂತೆ ಸುತ್ತಿಗೆಗೆ ಹತ್ತಿರವಾಗುತ್ತದೆ, ದೂರವಾಗುತ್ತದೆ.

ರಿಸೀವರ್, ವೈರು

ನಿಮ್ಮ ಮಾತು ಅತ್ತ ಕಡೆಯವರಿಗೆ ಬಾವಿಯೊಳಗಿಂದ ಬಂದಂತೆ ಕೇಳುತ್ತಿದೆಯೇ? ಬಾಯಿ ಹತ್ತಿರದ ಮೈಕಿನಲ್ಲಿ ಇದ್ದಿಲ ಹರಳುಗಳು ಇರುತ್ತವೆ. ತೇವಕ್ಕೆ ಅವು ಕಚ್ಚಿಕೊಂಡು ಗಟ್ಟಿಯಾಗುತ್ತವೆ. ರಿಸೀವರನ್ನು ಅಡ್ಡ ಹಿಡಿದು ತಿರುಗಿಸುತ್ತಾ ಅಂಗೈಗೆ ಮೆಲ್ಲಗೆ ತಟ್ಟಿ. ಬಹಳ ಸಲ ಇಷ್ಟಕ್ಕೇ ಸರಿ ಹೋಗುತ್ತದೆ. ಹೋಗದಿದ್ದರೆ ಬೇರೆ ಫೋನಿನ ಮೈಕ್ ಹಾಕಿ. ಮುಚ್ಚಳ ಬಿಗಿಯಾಗಿದ್ದರೆ ಇಕ್ಕಳ ಹಾಕಬೇಡಿ, ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ ಕೈಯಿಂದಲೇ ತಿರುಗಿಸಿ.

ವೈರಿನ ವಿಚಾರದಲ್ಲಿ ಹೊಸಬರು ಬೇಸ್ತು ಬೀಳುತ್ತಾರೆ. ಹಳೇ ರಿಸೀವರ್ ವೈರನ್ನು ಸುಲಿದು ನೋಡಿದರೆ ಒಳಗೆ ಮಾಮೂಲಿ ತಾಮ್ರದ ಎಳೆ ಕಾಣುವುದಿಲ್ಲ. ಹತ್ತಿ ದಾರದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಪಟ್ಟಿಯನ್ನು, ಜರಿ ಸುತ್ತಿದ ಹಾಗೆ, ಸುತ್ತಿರುತ್ತಾರೆ. ಲಕ್ಷಾಂತರ ಸಲ ಬಗ್ಗಿದರೂ ತುಂಡಾಗಬಾರದೆಂದು ಈ ಉಪಾಯ. ಬೆಸುಗೆ ಹಾಕಲು ಹೋದರೆ ದಾರ ಸುಟ್ಟು ಪಟ್ಟಿ ಉದುರುತ್ತದೆ. ತುದಿಗೆ ಲೋಹದ ಟರ್ಮಿನಲ್ ಹಾಕಿ ಇಕ್ಕಳದಿಂದ ಒತ್ತಿ ಕೂರಿಸುವುದೇ ಸರಿ. ಮಾತಾಡುವಾಗ ಕರಕರ ಬರುತ್ತಿದ್ದರೆ ವೈರು ರಿಸೀವರಿಗೆ ಸೇರುವ ಜಾಗದಲ್ಲಿ ಬಗ್ಗಿಸಿ ನೋಡಿ, ತುಂಡಾಗುವುದು ಹೆಚ್ಚಾಗಿ ಅಲ್ಲೇ. ಬಟ್ಟೆ ಸುತ್ತಿದ ವೈರನ್ನು ನೀರಿಗೆ ಹಾಕಬೇಡಿ, ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಸುರುಳಿ ಸಡಿಲವಾದ ಪ್ಲಾಸ್ಟಿಕ್ ವೈರನ್ನು ಕಡ್ಡಿಗೆ ಬಿಗಿಯಾಗಿ ಸುತ್ತಿ, ಬೆಚ್ಚಗೆ ಮಾಡಿ, ಪೂರ್ತಿ ಆರುವ ತನಕ ಬಿಚ್ಚದೆ ಇಡಿ.

ಈಗ ಹೊಳಪು

ಮೈ ಯಾವುದರದ್ದು ಎಂದು ಮೊದಲು ತಿಳಿಯಬೇಕು. ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒಳಭಾಗ ಉಜ್ಜಿ ಮೂಸಿ. ಫಿನಾಯಿಲಿನಂಥ ಘಾಟು ಬಂದರೆ ಬೇಕಲೈಟ್. ಬೇಕಲೈಟಿನ ಒಳಗೆ ಮರದ ಹುಡಿ ಬೆರೆತಿರುತ್ತದೆ, ಆದ್ದರಿಂದ ನೆನೆಹಾಕಬೇಡಿ. ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಗಿಸಿ. ಆಮೇಲೆ ಬ್ರಾಸೊ ಹಚ್ಚಿ ಮೆತ್ತನೆ ಬನಿಯನ್ ಬಟ್ಟೆಯಿಂದ ತಿಕ್ಕಿ. ಬಟ್ಟೆ ಕಂದಾಗುತ್ತದೆ, ಗಾಬರಿ ಬೇಡ, ಬಿಸಿಲಿಗೆ ಸತ್ತ ಮೇಲ್ಪದರ ಬರುತ್ತಿದೆ ಅಷ್ಟೇ. ಕೊನೆಗೆ ಕಾರಿಗೆ ಹಾಕುವ ಮೇಣ ತೆಳುವಾಗಿ. ಬೂಟ್ ಪಾಲಿಶ್ ಹಚ್ಚುವವರಿದ್ದಾರೆ, ಮಾತಾಡಿ ಇಟ್ಟ ಮೇಲೆ ಕಿವಿ ಕಪ್ಪಾಗಿರುತ್ತದೆ. ಬೇಕಲೈಟನ್ನು ಒಣದಾಗಿ ಉಪ್ಪು ಕಾಗದದಲ್ಲಿ ಉಜ್ಜುವುದು, ಕೊರೆಯುವುದು ಬೇಡ. ಕೆಲವು ಹಳೆಯವುಗಳಲ್ಲಿ ಕಲ್ನಾರು ಬೆರೆತಿರಬಹುದು, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಆಮೇಲಿನ ಕಾಲದ ಬಣ್ಣದ ಫೋನುಗಳು ಪ್ಲಾಸ್ಟಿಕ್. ಒಳಗಿನದ್ದೆಲ್ಲ ತೆಗೆದು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಆರಾಮಾಗಿ ತೊಳೆಯಬಹುದು. ಥಿನ್ನರ್ ಮಾತ್ರ ಮುಟ್ಟಿಸಬೇಡಿ, ಕರಗುತ್ತದೆ. ದಂತದ ಬಣ್ಣದವು ಹಳದಿಯಾಗಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಡುವ ಉಪಾಯ ಇದೆ. ಮಾಡುವುದಿದ್ದರೆ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ, ನಡುವೆ ಒಣಗಲು ಬಿಡಬೇಡಿ, ಪಟ್ಟೆಪಟ್ಟೆ ಆಗುತ್ತದೆ. ನನಗಂತೂ ಆ ಹಳದಿಯೇ ಇಷ್ಟ, ಹಾಗೇ ಬಿಡುತ್ತೇನೆ.

ಲೈನಿಗೆ ಜೋಡಿಸುವುದು

ತಾಮ್ರದ ತಂತಿಯ ಲ್ಯಾಂಡ್‌ಲೈನ್ ಇನ್ನೂ ಇರುವವರು ಪುಣ್ಯವಂತರು. ಗೋಡೆಯ ಮೇಲೆ ಲೈನ್ ಬಂದು ಸೇರುವ ರೋಸೆಟ್ ಡಬ್ಬಿಯ ಎರಡು ತಂತಿಗೆ ಜೋಡಿಸಿ, ರಿಸೀವರ್ ಎತ್ತಿ, ಯಾವುದಾದರೂ ಒಂದು ಅಂಕೆ ತಿರುಗಿಸಿ. ಡಯಲ್ ಟೋನ್ ನಿಂತರೆ ಎಕ್ಸ್‌ಚೇಂಜಿಗೆ ಡಯಲ್ ಭಾಷೆ ಇನ್ನೂ ಗೊತ್ತಿದೆ. ಫೈಬರ್ ಇರುವವರ ಮೋಡೆಮ್ ಹಿಂದೆ ಫೋನಿನ ಪಿನ್ ಇರುತ್ತದೆ, ಅಲ್ಲೂ ಇದೇ ಪರೀಕ್ಷೆ ಮಾಡಿ. ಟೋನ್ ನಿಲ್ಲದಿದ್ದರೂ ಬರುವ ಕರೆಗಳಿಗೆ ಅಡ್ಡಿಯಿಲ್ಲ, ಗಂಟೆ ಬಾರಿಸುತ್ತದೆ, ಮಾತಾಡಬಹುದು. ಹೊರಗೆ ಕರೆ ಮಾಡಲು ಡಯಲ್ ಕಡಿತಗಳನ್ನು ಬಟನ್ ಫೋನಿನ ಟೋನುಗಳಾಗಿ ಬದಲಿಸುವ ಪುಟ್ಟ ಕನ್ವರ್ಟರ್ ಬೇಕು. ಇಂಟರ್ನೆಟ್ ಫೋನ್ ಅಡಾಪ್ಟರ್ ಕೊಳ್ಳುವುದಾದರೆ ಪಲ್ಸ್ ಡಯಲಿಂಗ್ (ಡಯಲ್ಲಿನ ಕಡಿತಗಳಿಂದ ನಂಬರ್ ಹಚ್ಚುವುದು) ಒಪ್ಪುತ್ತದೆಯಾ ಎಂದು ಕೇಳಿಯೇ ಕೊಳ್ಳಿ. ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ 801ರಂಥವುಗಳ ಸೆಟ್ಟಿಂಗಿನಲ್ಲಿ ಆ ಆಯ್ಕೆ ಇದೆ. ಸಿಮ್ ಹಾಕಿ ಲ್ಯಾಂಡ್‌ಲೈನ್ ಫೋನ್ ಸಿಕ್ಕಿಸುವ ಡಬ್ಬಿಗಳೂ ಸಿಗುತ್ತವೆ.

ಒಂದೇ ಪಿನ್ನಿಗೆ ನಾಲ್ಕು ಹಳೇ ಫೋನ್ ಸಿಕ್ಕಿಸಬೇಡಿ. ಮೋಡೆಮ್ ಕೊಡುವ ಗಂಟೆ ಕರೆಂಟು ಇಷ್ಟೊಂದು ಕಾಯಿಲ್‌ಗಳಿಗೆ ಸಾಲುವುದಿಲ್ಲ, ಯಾವುದೂ ಬಾರಿಸುವುದಿಲ್ಲ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ 2021ರ ಜನವರಿಯಿಂದ ಮುಂದೆ ಸೊನ್ನೆ ಸೇರಿಸಬೇಕು. ಅಲ್ಲಿಗೆ ಒಟ್ಟು 11 ಅಂಕೆ. ನಂಬರಿನಲ್ಲಿ 8, 9 ಜಾಸ್ತಿ ಇದ್ದರೆ ತಿರುಗಿಸಿ ಮುಗಿಸಲು 20 ಸೆಕೆಂಡಿನ ಮೇಲೆ ಬೇಕು. ನಡುವೆ ಯೋಚನೆ ಮಾಡುತ್ತಾ ನಿಂತರೆ ಅಡಾಪ್ಟರ್ ನಂಬರ್ ಮುಗಿಯಿತು ಎಂದುಕೊಂಡು ಅರ್ಧಕ್ಕೇ ಕರೆ ಹಚ್ಚಿಬಿಡುತ್ತದೆ, ಆದ್ದರಿಂದ ಸೆಟ್ಟಿಂಗಿನಲ್ಲಿ ಕಾಯುವ ಸಮಯವನ್ನು ಸ್ವಲ್ಪ ಹೆಚ್ಚಿಸಿಕೊಳ್ಳಿ. ಸ್ಟಾರು, ಹ್ಯಾಶ್ ಡಯಲ್ಲಿನಲ್ಲಿ ಇಲ್ಲ, ಡಯಲ್ ತಾನಾಗಿ ಬಟನ್ ಫೋನಿನ ಟೋನನ್ನೂ ಕಳಿಸುವುದಿಲ್ಲ. ಹಾಗಾಗಿ ಬ್ಯಾಂಕಿನವರ 'ಕನ್ನಡಕ್ಕಾಗಿ ಒಂದನ್ನು ಒತ್ತಿ' ತರಹದ ಕರೆಗಳನ್ನು ಮೊಬೈಲಿಗೇ ಬಿಡಿ. ಮಲೆನಾಡು, ಕರಾವಳಿ ಕಡೆಯವರು ತಾಮ್ರದ ಲೈನಿಗೆ ಜೋಡಿಸಿದ್ದರೆ ಗುಡುಗು ಶುರುವಾದ ಕೂಡಲೇ ಪಿನ್ ಕಿತ್ತಿಡಿ. ಮಳೆಗಾಲದಲ್ಲಿ ಫೋನು ಬಹಳ ದಿನ ಸುಮ್ನೆ ಕೂತಿದ್ದರೆ ರಿಸೀವರನ್ನು ಇನ್ನೊಮ್ಮೆ ತಟ್ಟಿ, ಡಯಲ್ಲನ್ನು ನಾಲ್ಕಾರು ಸಲ ತಿರುಗಿಸಿ ಆಮೇಲೆ ಬಳಸಿ.